ಬಣ್ಣ ಹೇಳುವವಳು

ಆ ಊರಿನಲ್ಲಿ ಚಳಿಗಾಲ ಎಂಬುದು ಹೆಸರಿಗೆ ಮಾತ್ರ. ಬೆಳಿಗ್ಗೆ ಮೈಮೇಲಿದ್ದ ಸ್ವೆಟರು ಮಧ್ಯಾಹ್ನಕ್ಕೆ ಸೊಂಟಕ್ಕೆ ಬರುತ್ತದೆ, ಸಂಜೆಗೆ ಮತ್ತೆ ಮೈಗೇರುತ್ತದೆ. ನೀರು ಹೆಪ್ಪುಗಟ್ಟುವುದಿಲ್ಲ, ಪೈಪು ಒಡೆಯುವುದಿಲ್ಲ. ಹಾಗಾಗಿ ಹಿತ್ತಲಲ್ಲಿ ಈಜುತೊಟ್ಟಿ ನಿಲ್ಲಿಸಿಕೊಂಡ ಜನರಿಗೆ ಒಂದು ಭ್ರಮೆ: ಇಷ್ಟು ಚಳಿ ತೊಟ್ಟಿಗೇನು ಮಾಡೀತು, ಮೇಲೊಂದು ಟಾರ್ಪಾಲು ಎಳೆದರೆ ಮುಗಿಯಿತು. ಹಾಗೆ ಅಂದುಕೊಂಡವರನ್ನು ನಿಲ್ಲಿಸಿ ಪೂಲ್ ಮೇಸ್ತ್ರಿ ಅರ್ಧ ಗಂಟೆ ಪಾಠ ಹೇಳುತ್ತಿದ್ದ. "ಕಡು ಚಳೀಲಿ ಪಾಚಿನೂ ಮಲಗುತ್ತೆ ಸ್ವಾಮಿ. ಇಂಥ ಅರೆಬರೆ ಚಳೀಲಿ ಅದು ಮಲಗಿದ ಹಾಗೆ ನಾಟಕ ಆಡುತ್ತೆ. ನೀವು ಹೊದಿಕೆ ಹಾಕಿ ಒಳಗೆ ಹೋಗೋದನ್ನೇ ಕಾಯ್ತಿರುತ್ತೆ."

ಮಾತು ಸ್ವಲ್ಪ ಜಾಸ್ತಿಯೇ, ಆದರೆ ಕೆಲಸಗಾರ. ಅವನು ನೋಡಿಕೊಳ್ಳುತ್ತಿದ್ದದ್ದು ನೆಲ ಅಗೆದು ಕಟ್ಟಿದ ದೊಡ್ಡವರ ಮನೆಯ ಕೊಳಗಳಲ್ಲ. ತಗಡಿನ ಗೋಡೆಯನ್ನು ದುಂಡಗೆ ನಿಲ್ಲಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಎದೆಮಟ್ಟ ನೀರು ತುಂಬಿದ, ಏಣಿ ಹತ್ತಿ ಇಳಿಯುವ ತೊಟ್ಟಿಗಳು. ಬೇಸಿಗೆ ಮುಗಿದ ಮೇಲೆ ಅವುಗಳನ್ನು ಮಲಗಿಸುವುದು ಅವನ ವರ್ಷದ ದೊಡ್ಡ ಕೆಲಸ. ಎಲೆ ತೆಗೆದು, ಗೋಡೆ ಉಜ್ಜಿ, ತಳದ ಕೊಳೆ ಹೀರಿಸಬೇಕು. ನೀರು ತಣ್ಣಗಾಗುವವರೆಗೆ ಕಾದು, ಕ್ಲೋರಿನ್ ಹಾಕಿ, ಪಂಪನ್ನು ಇಡೀ ದಿನ ಓಡಿಸಬೇಕು. ಆಮೇಲೆ ಏಣಿ ಎತ್ತಿ, ಪೈಪು ಬಿಚ್ಚಿ, ನೀರಿನ ನಡುವೆ ಗಾಳಿದಿಂಬು ತೇಲಿಬಿಟ್ಟು, ಹೊದಿಕೆ ಎಳೆದು ಸುತ್ತ ತಂತಿ ಬಿಗಿಯಬೇಕು. ನೀರನ್ನು ಮಾತ್ರ ಖಾಲಿ ಮಾಡಬಾರದು. ನೀರಿಲ್ಲದಿದ್ದರೆ ಹಾಳೆ ಕುಗ್ಗಿ ಹರಿಯುತ್ತದೆ, ಗೋಡೆ ಒಂದು ಜೋರು ಗಾಳಿಗೆ ಮಡಚಿ ಬೀಳುತ್ತದೆ.

ಇದಿಷ್ಟನ್ನೂ ಅವನು ಒಬ್ಬನೇ ಮಾಡಬಲ್ಲ. ಆದರೆ ನಡುವೆ ಒಂದು ಸಣ್ಣ ಕೆಲಸವಿತ್ತು, ಅದೇ ಎಲ್ಲದರ ಬೇರು. ಬೆರಳುದ್ದದ ಎರಡು ಗಾಜಿನ ಕೊಳವೆಗಳಲ್ಲಿ ತೊಟ್ಟಿಯ ನೀರು ಹಿಡಿದು, ಒಂದೊಂದಕ್ಕೂ ಅದರದರ ಔಷಧಿಯ ಐದು ಹನಿ ಬಿಟ್ಟರೆ ನೀರಿಗೆ ಬಣ್ಣ ಬರುತ್ತದೆ. ಒಂದರಲ್ಲಿ ಹಳದಿ, ಎಷ್ಟು ಗಾಢವೋ ಅಷ್ಟು ಕ್ಲೋರಿನ್. ಇನ್ನೊಂದರಲ್ಲಿ ಹಳದಿಯಿಂದ ಕೆಂಪಿನವರೆಗೆ. ಅದು ನೀರಿನ ಹುಳಿ ಎಷ್ಟಿದೆ ಎಂದು ಹೇಳುತ್ತದೆ. ಪೆಟ್ಟಿಗೆಯ ಮೇಲೆ ಐದೈದು ಬಣ್ಣದ ಚೌಕಗಳಿವೆ. ಕೊಳವೆಯನ್ನು ಪಕ್ಕಕ್ಕೆ ಹಿಡಿದು ಯಾವ ಚೌಕಕ್ಕೆ ಹೋಲುತ್ತದೆ ಎಂದು ನೋಡಬೇಕು. ಮೇಸ್ತ್ರಿಗೆ ಆ ಚೌಕಗಳೆಲ್ಲ ಒಂದೇ ಕೆಸರಿನ ತುಣುಕುಗಳು. ಬಿಳಿ ಕಪ್ಪು ಗೊತ್ತು, ಹೊಳಪು ಮಬ್ಬು ಗೊತ್ತು, ಮಿಕ್ಕ ಬಣ್ಣಗಳು ಹುಟ್ಟಿದಂದಿನಿಂದ ಅವನಿಗೆ ಬರೀ ಬಾಯಿಮಾತು.

ಇದು ಪ್ರಪಂಚದಲ್ಲಿ ಒಬ್ಬರಿಗೇ ಗೊತ್ತಿತ್ತು, ಅವನ ಹೆಂಡತಿಗೆ. ಮದುವೆಯಾದ ಮೊದಲ ತಿಂಗಳು ಅವಳಿಗೆ ಕೆಂಪು ಶಾಲು ಎಂದು ಹೆಮ್ಮೆಯಿಂದ ತಂದುಕೊಟ್ಟಿದ್ದ, ಅದು ಎಲೆಹಸಿರಾಗಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಅವನ ಮುಖ ನೋಡಿದಾಗ ವಿಷಯ ತಿಳಿಯಿತು. ಆಗಷ್ಟೇ ಅವನು ಈ ಕೆಲಸ ಹಿಡಿದಿದ್ದ. ಮೂರು ತೊಟ್ಟಿ ಕೆಡಿಸಿ, ನಾಲ್ಕನೆಯದು ಕೆಟ್ಟರೆ ಕೆಲಸವೇ ಹೋಗುವ ಸ್ಥಿತಿ. "ನಾಳೆಯಿಂದ ನಾನೂ ಬರ್ತೀನಿ. ಬಣ್ಣ ನಾನು ಹೇಳ್ತೀನಿ, ನೀವು ಔಷಧಿ ಹಾಕಿ" ಅಂದಳು. ಅಂದವಳು ಮೂವತ್ತು ವರ್ಷ ಬಂದಳು. ಮಕ್ಕಳಾಗಲಿಲ್ಲ, ಹಾಗಾಗಿ ತಡೆಯುವವರೂ ಇರಲಿಲ್ಲ.

ಅವಳದ್ದೇ ಒಂದು ಪದ್ಧತಿ. ತಂದ ಬಕೆಟ್ಟನ್ನು ಬೋರಲು ಹಾಕಿ ಕೂರುವಳು, ಕೊಳವೆಗೆ ಹನಿ ಬಿಡುವಳು, ಬೆಳಕಿಗೆ ಹಿಡಿಯುವಳು, ಆಮೇಲೆ ತುಟಿ ಅಲ್ಲಾಡಿಯೂ ಅಲ್ಲಾಡದಂತೆ "ಮೂರನೇದು" ಅನ್ನುವಳು. ಮೇಸ್ತ್ರಿ ತಿರುಗಿ ಮನೆಯವರಿಗೆ ಗಟ್ಟಿಯಾಗಿ ಹೇಳುವನು: "ಕ್ಲೋರಿನ್ ಹದವಾಗಿದೆ ಸ್ವಾಮಿ, ನೋಡಿದ ತಕ್ಷಣ ಗೊತ್ತಾಗುತ್ತೆ." ಇವರು ಯಾರು ಎಂದು ಯಾರಾದರೂ ಕೇಳಿದರೆ, "ನಮ್ಮನೆಯವಳು. ಒಬ್ಬಳೇ ಬೇಜಾರಂತೆ, ಜೊತೆಗೆ ಬರ್ತಾಳೆ" ಎನ್ನುವನು. ಅವಳು ನಗುವಳು. ಮೂವತ್ತು ವರ್ಷ ಆ ಸುಳ್ಳಿಗೆ ನಕ್ಕಿದ್ದು ಅವಳ ದೊಡ್ಡತನ. ಅವನಿಗೆ ಅದು ಸುಳ್ಳು ಎಂಬುದೇ ಮರೆತುಹೋಗಿತ್ತು, ಅದು ಅವನ ದಡ್ಡತನ.

ಎರಡು ವರ್ಷದ ಹಿಂದೆ ಔಷಧಿ ಅಂಗಡಿಯವನು ಒಂದು ಪುಟ್ಟ ಮೆಷಿನ್ನು ತೋರಿಸಿದ್ದ. ನೀರಿಗೆ ಅದ್ದಿದರೆ ಸಾಕು, ಕ್ಲೋರಿನ್ ಎಷ್ಟು, ಹುಳಿ ಎಷ್ಟು ಎಂದು ನಂಬರೇ ಬರುತ್ತದೆ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಮೇಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸಿಟ್ಟ. "ಇವೆಲ್ಲ ಹೊಸಬರಿಗೆ. ನಮಗ್ಯಾಕೆ" ಅಂದ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಏನೋ ಹಾಡು ಗುನುಗುತ್ತಿದ್ದಳು.

ಆಮೇಲಿನ ಎರಡು ವರ್ಷದಲ್ಲಿ ನಡೆದದ್ದನ್ನು ಈಗ ಒಂದರ ಪಕ್ಕ ಒಂದಿಟ್ಟು ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಅವಳು ಗಾಡಿಯಿಂದ ಇಳಿಯುವಾಗ ಕಾಲಿನಿಂದ ನೆಲ ಹುಡುಕುತ್ತಿದ್ದಳು. ಮಂಡಿನೋವು ಎಂದುಕೊಂಡು ಎಣ್ಣೆ ತಂದುಕೊಟ್ಟ. ಹಣೆಗೆ ಮುಲಾಮು ಹಚ್ಚಿಕೊಂಡು ಮಲಗುತ್ತಿದ್ದಳು. ಬಿಸಿಲಿನ ತಲೆನೋವು ಎಂದುಕೊಂಡ. ಹಾಲು ಲೋಟದ ಪಕ್ಕಕ್ಕೆ ಬೀಳುತ್ತಿತ್ತು, ವಯಸ್ಸು ಎಂದುಕೊಂಡ. ಇನ್ನು ಬಟ್ಟೆ. ದಿನಾ ಬೆಳಿಗ್ಗೆ ಅಂಗಿ, ಪ್ಯಾಂಟು, ಸ್ವೆಟರು ಜೋಡಿಸಿ ಕೊಡುತ್ತಿದ್ದವಳು ಅವಳೇ. ಈಚೆಗೆ ಬೀದಿಯವರು ಅವನನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. "ಏನು ಮೇಸ್ತ್ರಿ, ಸರ್ಕಸ್ ಕಂಪನಿ ಸೇರಿದ್ರಾ?" ಎಂದು ಸೈಕಲ್ ರಿಪೇರಿಯವನು ಕೇಳಿದ್ದೂ ಉಂಟು. ಮೇಸ್ತ್ರಿ ಅದನ್ನು ಹೊಟ್ಟೆಕಿಚ್ಚು ಎಂದುಕೊಂಡು ಎದೆಯುಬ್ಬಿಸಿ ನಡೆದ.

ಈ ವರ್ಷ ಅವನು ಮಲಗಿಸಿದ್ದು ಇಪ್ಪತ್ತಮೂರು ತೊಟ್ಟಿ. ಕೊನೆಯದಕ್ಕೆ ಹೊದಿಕೆ ಹಾಕಿ ಮೂರು ವಾರವಾಗಿತ್ತು. ಚಳಿ ಬರುವುದಿರಲಿ, ಬಿಸಿಲು ಏರುತ್ತಲೇ ಹೋಯಿತು. ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮನ ಫೋನು ಬಂತು. ದಿನವಿಡೀ ಬಗ್ಗಿ ಕೆಲಸ ಮಾಡುವವರು. ಬೆನ್ನುನೋವಿಗೆಂದು ಹಿತ್ತಲಲ್ಲಿ ತೊಟ್ಟಿ ಇಟ್ಟುಕೊಂಡಿದ್ದರು. "ಮೇಸ್ತ್ರಿ, ಹೊದಿಕೆ ಅಂಚು ಎತ್ತಿ ನೋಡಿದೆ. ವಾಸನೆ ಬರ್ತಿದೆ. ಈಗಲೇ ಬನ್ನಿ" ಎಂದರು.

ಹೊದಿಕೆ ಸರಿಸಿದಾಗ ಮೇಸ್ತ್ರಿಗೆ ತೊಟ್ಟಿಯ ತಳ ಕಾಣಲಿಲ್ಲ. "ನೋಡಿ, ಗಿಳಿ ಹಸಿರು" ಅಂದರು ಡಾಕ್ಟರಮ್ಮ. "ಎಲ್ಲ ಚೆಲ್ಲಿಬಿಡಿ, ಸುಮ್ನೆ ಖಾಲಿ ಇರ್ಲಿ."

"ಖಾಲಿ ಮಾಡೋ ಮಾತೇ ಬೇಡ, ಗೋಡೆ ಕೂತ್ಬಿಡುತ್ತೆ. ಮೊದಲು ಏನು ಕಮ್ಮಿಯಾಗಿದೆ ನೋಡೋಣ" ಎಂದು ಅವನು ಹೆಂಡತಿಯ ಕಡೆ ತಿರುಗಿದ. ಅವಳಾಗಲೇ ಬಕೆಟ್ಟಿನ ಮೇಲೆ ಕೂತು ಕೊಳವೆಗೆ ಹನಿ ಬಿಡುತ್ತಿದ್ದಳು. ಐದು ಹನಿಯಲ್ಲಿ ಎರಡು ಅವಳ ಹೆಬ್ಬೆರಳ ಮೇಲೆ ಬಿದ್ದವು. ಕೊಳವೆಯನ್ನು ಬೆಳಕಿಗೆ ಹಿಡಿದು, "ನಾಲ್ಕನೇದು" ಎಂದಳು ಮೆಲ್ಲಗೆ.

ನಾಲ್ಕು ಎಂದರೆ ಕ್ಲೋರಿನ್ ಧಾರಾಳವಾಗಿದೆ ಎಂದರ್ಥ. ಅಷ್ಟಿದ್ದರೆ ಪಾಚಿ ಹುಟ್ಟುವುದು ಹೇಗೆ? ಮೇಸ್ತ್ರಿ ತಲೆ ಕೆರೆದುಕೊಂಡು, "ಕ್ಲೋರಿನ್ ಬೇಕಾದಷ್ಟಿದೆ ಡಾಕ್ಟರಮ್ಮ" ಎಂದ.

ಈ ಡಾಕ್ಟರಮ್ಮ ಯಾರು ಎಂಬುದನ್ನು ಅವನು ಮರೆತಿದ್ದ. ಹೊಸ ಹಲ್ಲು ಕೂರಿಸುವಾಗ ಪಕ್ಕದ ಹಲ್ಲಿನ ಬಣ್ಣಕ್ಕೆ ಹೋಲಿಸಿ ಹದಿನಾರು ಬಗೆಯ ಬಿಳಿಯಲ್ಲಿ ಒಂದನ್ನು ಆರಿಸುವವರು. ಬಗ್ಗಿ ಕೊಳವೆ ನೋಡಿದರು. "ಎಲ್ಲಿದೆ ಹಳದಿ? ಇದರಲ್ಲಿ ಬಣ್ಣವೇ ಬಂದಿಲ್ಲ. ಕ್ಲೋರಿನ್ ಒಂದು ಚೂರೂ ಇಲ್ಲ." ಹೆಂಡತಿಯ ಕೈಯಿಂದ ಕೊಳವೆ ತೆಗೆದು ಮೇಸ್ತ್ರಿಯ ಕಣ್ಣಮುಂದೆ ಹಿಡಿದರು. "ನೀವೇ ಹೇಳಿ. ಇದು ಹಳದಿನಾ?"

ಮೇಸ್ತ್ರಿಗೆ ಕಂಡದ್ದು ಒಂದು ಗಾಜು, ಅದರಲ್ಲಿ ನೀರು. ಅಭ್ಯಾಸಬಲ, ಹೆಂಡತಿಯ ತುಟಿ ನೋಡಿದ. ಅದು ಅಲ್ಲಾಡಲಿಲ್ಲ. ಹೌದು ಎಂದರೆ ಡಾಕ್ಟರಮ್ಮ ಸುಮ್ಮನಿರುವವರಲ್ಲ, ಅಲ್ಲ ಎಂದರೆ ಹೆಂಡತಿ ಹೇಳಿದ್ದು ಸುಳ್ಳಾಗುತ್ತದೆ, ಗೊತ್ತಿಲ್ಲ ಎಂದರೆ ಮೂವತ್ತು ವರ್ಷದ ಹೆಸರು ಆ ಹಿತ್ತಲಲ್ಲೇ ನೀರುಪಾಲು. ಮನುಷ್ಯನಿಗೆ ಯೋಚಿಸಲು ಸಮಯವಿಲ್ಲದಾಗ ಬಾಯಿಗೆ ಬರುವುದು ಅವನೊಳಗಿನ ಅತಿ ಅಗ್ಗದ ಮಾತು.

"ಅವಳಿಗೇನು ಗೊತ್ತು ಡಾಕ್ಟರಮ್ಮ" ಎಂದು ನಕ್ಕ. "ಸುಮ್ನೆ ಬಾಯಿಗೆ ಬಂದದ್ದು ಹೇಳ್ತಾಳೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಡತಿ ಬಕೆಟ್ಟಿನಿಂದ ಏಳಲು ಹೋದಳು, ಕೈ ಊರಲು ಪಕ್ಕದಲ್ಲಿ ಎತ್ತಿಟ್ಟಿದ್ದ ಏಣಿಗೆ ಚಾಚಿದಳು. ಏಣಿ ಒಂದು ಮೊಳ ಆಚೆಗಿತ್ತು. ಡಾಕ್ಟರಮ್ಮ ಅವಳ ತೋಳು ಹಿಡಿದು ನಿಲ್ಲಿಸಿದರು. ನಿಲ್ಲಿಸಿದವರು ಕೈ ಬಿಡಲಿಲ್ಲ. ಗಲ್ಲ ಎತ್ತಿ ಮುಖವನ್ನು ಬಿಸಿಲಿಗೆ ತಿರುಗಿಸಿದರು. "ಅಮ್ಮ, ಇದು ಯಾವಾಗಿಂದ ಹೀಗಿದೆ?"

ಮೇಸ್ತ್ರಿ ಅವರ ಭುಜದ ಮೇಲಿಂದ ನೋಡಿದ. ಹೆಂಡತಿಯ ಬಲಗಣ್ಣಿನ ಪಾಪೆ ಕಪ್ಪಗಿರಲಿಲ್ಲ. ಹಾಲು ಕಟ್ಟಿದ ಹಾಗೆ ಬೆಳ್ಳಗಿತ್ತು. ಎಡಗಣ್ಣಿನಲ್ಲಿ ಆ ಬಿಳುಪು ಅರ್ಧ ಬಂದಿತ್ತು. ಬಿಳಿ ಅವನಿಗೆ ಚೆನ್ನಾಗಿ ಕಾಣುವ ಬಣ್ಣ. ಕಪ್ಪಿನ ಮೇಲೆ ಬಿಳಿ ಇದ್ದರಂತೂ ಇನ್ನೂ ಚೆನ್ನಾಗಿ ಕಾಣುತ್ತದೆ. ಮೂವತ್ತು ವರ್ಷ ಆ ಕಣ್ಣಿನಿಂದ ಹೊಟ್ಟೆ ಹೊರೆದವನು, ಈ ಎರಡು ವರ್ಷದಲ್ಲಿ ಒಂದು ಸಲ ಅದನ್ನು ನೆಟ್ಟಗೆ ನೋಡಿದ್ದರೂ ಸಾಕಿತ್ತು. ಅವಳು ಕೊಳವೆ ಎತ್ತಿದಾಗಲೆಲ್ಲ ಅವನು ನೋಡಿದ್ದು ಅವಳ ತುಟಿಯನ್ನು.

ಕಣ್ಣಿನ ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನವರು, ಸುತ್ತಿಬಳಸಿ ಮಾತಾಡುವವರಲ್ಲ. ಬಲಗಣ್ಣಿನ ಪೊರೆ ಬಲಿತು ಊದಿಕೊಂಡು ಕಣ್ಣೊಳಗೆ ಒತ್ತಡ ಹೆಚ್ಚಾಗಿದೆ, ಅದಕ್ಕೇ ತಲೆನೋವು ಬರುತ್ತಿದ್ದದ್ದು, ನರ ಒಣಗಿಹೋಗಿದೆ ಎಂದರು. "ಆ ಕಣ್ಣು ಇನ್ನು ಬರಲ್ಲ. ಎಡಗಣ್ಣೂ ಅದೇ ದಾರೀಲಿದೆ. ಹನಿ ಬಿಟ್ಟು ಒತ್ತಡ ಇಳಿಸೋಣ, ಹತ್ತು ದಿನ ಬಿಟ್ಟು ಆಪರೇಷನ್. ಎಷ್ಟು ಉಳಿದಿದೆ ಅನ್ನೋದು ಆಮೇಲೇ ಗೊತ್ತಾಗೋದು."

"ಒಂದು ವರ್ಷ ಮುಂಚೆ ಬಂದಿದ್ರೆ?" ಎಂದು ಮೇಸ್ತ್ರಿ ಕೇಳಿದ.

"ಎರಡೂ ಉಳೀತಿತ್ತು" ಎಂದರು ಡಾಕ್ಟರು. ಕೇಳಬಾರದ ಪ್ರಶ್ನೆ ಕೇಳಿದ್ದಕ್ಕೆ ಸಿಕ್ಕಿದ ಉತ್ತರ ಅದು.

ಮನೆಗೆ ಬಂದು ಅಡುಗೆಮನೆಯಲ್ಲಿ ಎದುರುಬದುರು ಕೂತರು. ಗೋಡೆಯ ಮೊಳೆಗೆ ಬಣ್ಣದ ಕೊಳವೆಗಳ ಪೆಟ್ಟಿಗೆಯ ಚೀಲ ತೂಗುತ್ತಿತ್ತು.

"ಯಾಕೆ ಹೇಳ್ಲಿಲ್ಲ?" ಎಂದ ಮೇಸ್ತ್ರಿ.

"ಹೇಳಿದ್ರೆ ಆ ಮೆಷಿನ್ನು ತಗೋತಿದ್ರಿ."

"ತಗೊಂಡಿದ್ರೆ ಏನಾಗ್ತಿತ್ತು?"

"ನಾನು ಮನೇಲಿರ್ತಿದ್ದೆ." ಅವಳು ಟೇಬಲ್ಲಿನ ಮೇಲಿದ್ದ ಚೂರುಪಾರನ್ನು ಬೆರಳಿಂದ ತಡಕಿ ಒಟ್ಟುಮಾಡಿದಳು. "ಅಂಗಡೀಲಿ ನೀವು ಅದು ಬೇಡ ಅಂದ ದಿನ ನನಗೆಷ್ಟು ಖುಷಿಯಾಗಿತ್ತು ಗೊತ್ತಾ? ಆಗಲೇ ಕಣ್ಣು ಸ್ವಲ್ಪ ಮಂಜಾಗಿತ್ತು. ಹೇಗೆ ಹೇಳ್ಲಿ?"

"ಮತ್ತೆ ಇಷ್ಟು ದಿನ ಹೇಗೆ ನೋಡ್ತಿದ್ದೆ?"

"ಮೊದಮೊದಲು ಎಲ್ಲಾ ಹಳದಿ ಹಳದಿ ಕಾಣ್ತಿತ್ತು. ನೀರು ಹಳದಿ, ಗೋಡೆ ಹಳದಿ, ನಿಮ್ಮ ಮುಖಾನೂ ಹಳದಿ. ಆಮೇಲೆ ಅದೂ ಹೋಯ್ತು. ಆ ಮನೇಲಿ ಹಿಂದಿನ ವರ್ಷ ಎಷ್ಟಿತ್ತೋ ಅದನ್ನೇ ಹೇಳ್ತಿದ್ದೆ. ಎಲ್ಲ ಮನೇದೂ ನೆನಪಿದೆ ನನಗೆ."

ಇಪ್ಪತ್ತಮೂರು ತೊಟ್ಟಿಯ ಹೋದ ವರ್ಷದ ಹದವನ್ನು ಅವಳು ಬಾಯಿಪಾಠ ಮಾಡಿದ್ದಳು. ಹೋದ ವರ್ಷವೂ ಸುಮಾರಾಗಿ ಹಾಗೇ ಹೇಳಿದ್ದಳು. ಆಗ ಚಳಿ ಸ್ವಲ್ಪ ಗಟ್ಟಿಯಾಗಿದ್ದರಿಂದ ತಪ್ಪೆಲ್ಲ ತಣ್ಣೀರಿನಲ್ಲಿ ಮಲಗಿತ್ತು. ಈ ವರ್ಷದ ಬೆಚ್ಚನೆ ಚಳಿಯಲ್ಲಿ ಎದ್ದು ಕೂತಿತ್ತು. ಮೇಸ್ತ್ರಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅವಳು ಹಿತ್ತಲಿನ ಆ ಮಾತು ಎತ್ತುತ್ತಾಳೆ ಎಂದು ಕಾದ, ಅವಳು ಎತ್ತಲಿಲ್ಲ. ತಾನೇ ಎತ್ತಬೇಕು ಎಂದುಕೊಂಡ, ಎದ್ದು ಔಷಧಿ ಬಾಟಲಿ ತಂದ. "ಹನಿ ಬಿಡೋ ಹೊತ್ತಾಯ್ತು, ತಲೆ ಎತ್ತು" ಎಂದಷ್ಟೇ ಅಂದು, ಬಾಟಲಿಯಿಂದ ಅವಳ ಕಣ್ಣಿಗೆ ಒಂದು ಹನಿ ಬಿಟ್ಟ. ಇಷ್ಟು ವರ್ಷ ಹನಿ ಬಿಡುತ್ತಿದ್ದವಳು ಅವಳು.

ಮಾರನೆಯ ದಿನ ಹೋಗಿ ಮೆಷಿನ್ನು ತಂದ. ಹತ್ತು ದಿನದೊಳಗೆ ಇಪ್ಪತ್ತಮೂರು ಮನೆಗೂ ಹೋಗಿ ಹೊದಿಕೆ ಬಿಚ್ಚಿ ನೋಡಲೇಬೇಕಿತ್ತು. ಒಂದೊಂದು ದಿನ ತಡವಾದಷ್ಟೂ ನೀರು ಕೆಡುತ್ತದೆ. ಮನೆಯವರು ಯಾಕೆ ಎಂದು ಕೇಳಿದರೆ ಏನು ಹೇಳುವುದು ಎಂಬುದನ್ನು ದಾರಿಯಲ್ಲೇ ತಯಾರು ಮಾಡಿಕೊಂಡ. ಹೆಂಡತಿ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿದ್ದಳು. ಮನೆಯಲ್ಲಿರು ಎಂದಿದ್ದ, ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮೊದಲ ಮನೆ ನಿವೃತ್ತ ಬಸ್ ಡ್ರೈವರನದು. "ಈ ಸಲ ಬಂದ ಔಷಧಿ ಡಬ್ಬಾನೇ ಸರಿ ಇರಲಿಲ್ಲ ಅಣ್ಣ, ಅದಕ್ಕೆ ಇನ್ನೊಂದ್ಸಲ ನೋಡೋಣ ಅಂತ" ಎಂದ. ಡ್ರೈವರಣ್ಣ ಪಾಪ ನಂಬಿದ. ಎರಡನೆಯದು ಬೇಕರಿಯವರ ಮನೆ. ಅಲ್ಲೂ ಅದೇ ಹಾಡು. ನೀರು ತಿಳಿ ಹಸಿರಿಗೆ ತಿರುಗಿದೆ ಎಂದು ಅವರೇ ಹೇಳಿದರು. ಅವನು ಕ್ಲೋರಿನ್ ಸುರಿದು ಪಂಪು ಓಡಿಸಿದ. ಬೇಕರಿಯವರು ಗಾಡಿಯವರೆಗೂ ಬಂದು ಬಾಗಿಲ ಮೇಲೆ ಕೈಯೂರಿ, "ಬೇರೆಯವರಾಗಿದ್ರೆ ಡಬ್ಬ ಕೆಟ್ಟಿದೆ ಅಂತ ಗೊತ್ತೇ ಆಗ್ತಿರಲಿಲ್ಲ. ನಿಮ್ಮ ಕಣ್ಣು ಅಂದ್ರೆ ಕಣ್ಣು ಮೇಸ್ತ್ರಿ. ಅಲ್ವೇನಮ್ಮ?" ಎಂದರು.

"ಹೌದು" ಎಂದಳು ಅವಳು. ಅಂದು ನಕ್ಕಳು ಕೂಡ, ಮೂವತ್ತು ವರ್ಷದ ಅದೇ ನಗು.

ಗಾಡಿ ಮೂರನೆಯ ಮನೆಯ ಮುಂದೆ ನಿಂತ ಮೇಲೂ ಮೇಸ್ತ್ರಿ ಇಳಿಯಲಿಲ್ಲ. ಆ ನಗುವಿನ ಹಿಂದೆ ಇಷ್ಟು ವರ್ಷ ಏನಿತ್ತು ಎಂದು ಅವನು ಕೇಳಿಕೊಂಡವನೇ ಅಲ್ಲ. ಈಗ ಕೇಳಿಕೊಂಡರೆ ನಾಚಿಕೆಯಿಂದ ಮೈ ಬಿಸಿಯಾಯಿತು. ಹೆಂಡತಿ ಎದುರಿನ ಗಾಜನ್ನೇ ನೋಡುತ್ತಿದ್ದಳು, ಅಥವಾ ನೋಡುವ ಹಾಗೆ ಕೂತಿದ್ದಳು. ಮೂರನೆಯ ಮನೆಯ ಟೈಲರ್ ಹೊರಗೆ ಬಂದು, ಯಾಕೆ ಕೂತೇ ಇದೀರಿ ಎಂದು ಕೇಳಿದ.

ಮೇಸ್ತ್ರಿ ಇಳಿದ. ಗಾಡಿಯ ಬಾಗಿಲು ಹಾಕಲಿಲ್ಲ, ಅವಳಿಗೆ ಕೇಳಲಿ ಎಂದೇ. "ನೋಡಿ, ನನಗೆ ಬಣ್ಣ ಕಾಣಲ್ಲ" ಎಂದ. "ಹುಟ್ಟಿದಾಗಿಂದ ಇಲ್ಲ. ನಿಮ್ಮ ತೊಟ್ಟಿ ನೀರು ಪರೀಕ್ಷೆ ಮಾಡ್ತಿದ್ದೋಳು ನಮ್ಮನೆಯವಳು. ಈ ಸಲ ಅವಳಿಗೆ ಕಣ್ಣು ಮಂಜಾಗಿತ್ತು, ನಾನು ನೋಡ್ಲಿಲ್ಲ. ಹಾಗಾಗಿ ತಪ್ಪಾಗಿದೆ. ಸರಿ ಮಾಡೋಕೆ ಬಂದಿದೀನಿ."

ಟೈಲರ್ ಅವನ ಅಂಗಿಯನ್ನೂ ಸ್ವೆಟರನ್ನೂ ಮೇಲಿಂದ ಕೆಳಗೆ ನೋಡಿದ. "ಹಾಗಾ" ಎಂದ. "ನಾನು ಎರಡು ವರ್ಷದಿಂದ ಬಾಯಿಬಿಡದೆ ತಡ್ಕೊಂಡಿದ್ದೆ."

ಅಲ್ಲಿಂದ ಮುಂದೆ ಇಪ್ಪತ್ತು ಮನೆಯಲ್ಲಿ ಅದೇ ಮಾತು ಹೇಳಿದ. ಒಂದು ಸಲ ಹೇಳಿದರೆ ಎರಡನೆಯ ಸಲ ಸುಲಭ ಎನ್ನುತ್ತಾರೆ. ಅವನಿಗೆ ಪ್ರತಿ ಗೇಟೂ ಮೊದಲನೆಯದೇ ಆಗಿತ್ತು. ಕೆಲವರು ನಕ್ಕರು. ಕೆಲವರು ಒಳಗೆ ಕರೆದು ಕೂರಿಸಿದರು. ನಾಲ್ಕು ಮನೆಯವರು, "ಇಷ್ಟು ವರ್ಷ ಕುರುಡನ ಕೈಗೆ ನೀರು ಕೊಟ್ಟಿದ್ವಾ?" ಎಂದು ಬಾಗಿಲು ಹಾಕಿಕೊಂಡರು, ಇನ್ನು ಬರಬೇಡಿ ಎಂದರು. ಕೊನೆಗೆ ಸುಳ್ಳು ಹೇಳಿದ್ದ ಮೊದಲ ಎರಡು ಮನೆಗೂ ತಿರುಗಿ ಹೋದ. ಬೇಕರಿಯವರು ಈಗ ಅವನನ್ನು ಹೊಗಳಲಿಲ್ಲ. ಹೆಂಡತಿ ಗಾಡಿಯಲ್ಲಿ ಕೂತು ಇಪ್ಪತ್ತಮೂರು ಸಲವೂ ಕೇಳಿಸಿಕೊಂಡಳು. ಎಂಟನೆಯ ದಿನ, "ಆ ಮೂಲೆ ಮನೆಗೆ ಹೋದ ವರ್ಷ ಹುಳಿ ತಗ್ಗಿಸೋಕೆ ಸೋಡಾ ಜಾಸ್ತಿ ಹಾಕಿದ್ವಿ, ನೆನಪಿರ್ಲಿ" ಎಂದಳು.

ಆಪರೇಷನ್ನು ಒಂದು ಬೆಳಿಗ್ಗೆ ಆಯಿತು. ಮರುದಿನ ಪಟ್ಟಿ ಬಿಚ್ಚಿದರು. ಮೇಸ್ತ್ರಿ ಮಂಚದ ಪಕ್ಕದಲ್ಲಿ ನಿಂತಿದ್ದ. ಅವಳು ಎಡಗಣ್ಣನ್ನು ಎರಡು ಸಲ ಮಿಟುಕಿಸಿದಳು, ನೀರು ಸುರಿಯಿತು, ಒರೆಸಿದರು. ಮುಖ ತಿರುಗಿಸಿ ಅವನನ್ನು ಹುಡುಕಿದಳು. ಬಹಳ ಹೊತ್ತು ನೋಡಿದಳು.

"ಈ ಅಂಗಿ ಯಾರು ತೆಗೆದುಕೊಟ್ಟಿದ್ದು?" ಎಂದಳು.

"ನೀನೇ. ಆಸ್ಪತ್ರೆಗೆ ಹೊರಡೋ ಮುಂಚೆ ಜೋಡಿಸಿಟ್ಟಿದ್ದೆ."

"ಎರಡು ವರ್ಷದಿಂದ ಹೀಗೇ ಓಡಾಡ್ತಿದೀರಾ?"

ಅವನಿಗೆ ನಗುವೂ ಬಂತು, ಅಳುವೂ ಬಂತು, ಅಳು ಗೆದ್ದಿತು. ನರ್ಸು ಹೊರಗೆ ಹೋಗಿ ಎಂದಳು. ಆಮೇಲೆ ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದು ಇಷ್ಟು: ನೆಟ್ಟಗೆ ಎದುರಿಗಿರುವುದು ಕಾಣುತ್ತದೆ, ಬಣ್ಣವೂ ಕಾಣುತ್ತದೆ, ಸುತ್ತಲಿನದು ಸುಮಾರಾಗಿ ಹೋಗಿದೆ. ಇನ್ನೂ ಹೋಗದಂತೆ ಜನ್ಮಪೂರ್ತಿ ದಿನಕ್ಕೆರಡು ಸಲ ಹನಿ ಬಿಡಬೇಕು, ಒಂದು ದಿನವೂ ತಪ್ಪಬಾರದು. ಅಷ್ಟು ಮಾಡಿದರೂ ಉಳಿದೇ ಉಳಿಯುತ್ತದೆ ಎಂಬ ಖಾತರಿಯಿಲ್ಲ. "ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ" ಎಂದಳು ಅವಳು, ಕಪ್ಪು ಕನ್ನಡಕ ಹಾಕಿಕೊಳ್ಳುತ್ತ. ಮೇಸ್ತ್ರಿಗೆ ಆ ಗಾದೆ ಹಿಡಿಸಲಿಲ್ಲ.

ಹಲ್ಲಿನ ಡಾಕ್ಟರಮ್ಮನ ತೊಟ್ಟಿ ಎಲ್ಲಕ್ಕಿಂತ ಹೆಚ್ಚು ಕೆಟ್ಟಿದ್ದರಿಂದ ಅದು ತಿಳಿಯಾಗಲು ಒಂದು ತಿಂಗಳು ಹಿಡಿಯಿತು. ಮತ್ತೆ ಮತ್ತೆ ಉಜ್ಜಿ, ಕ್ಲೋರಿನ್ ಹಾಕಿ, ಫಿಲ್ಟರ್ ತೊಳೆದು, ಕೊನೆಗೊಂದು ದಿನ ತಳದ ಹಾಳೆಯ ಹೂವಿನ ಚಿತ್ರ ಕಂಡಿತು. ಇನ್ನೊಮ್ಮೆ ಪರೀಕ್ಷಿಸಿ ಹೊದಿಕೆ ಹಾಕುವುದಷ್ಟೇ ಬಾಕಿ. ಮೇಸ್ತ್ರಿ ಹೆಂಡತಿಯನ್ನೂ ಕರೆದುಕೊಂಡು ಹೋದ. ಬಕೆಟ್ಟನ್ನು ನೆರಳಿಗೆ ತಂದು ತಾನೇ ಬೋರಲು ಹಾಕಿದ. ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ, ಹನಿ ಕೊಳವೆಯ ಹೊರಗೆ ಬೀಳುತ್ತದೆ. ಹಾಗಾಗಿ ಐದು ಹನಿಯನ್ನೂ ಅವನೇ ಎಣಿಸಿ ಬಿಟ್ಟು ಕೊಳವೆಯನ್ನು ಅವಳ ಕೈಗಿತ್ತ. ಮೆಷಿನ್ನು ಅವನ ಜೇಬಿನಲ್ಲಿತ್ತು.

ಡಾಕ್ಟರಮ್ಮ ಅವನ ಕಡೆ ನೋಡದೆ ಅವಳನ್ನೇ ಕೇಳಿದರು. "ಎಷ್ಟಿದೆಯಮ್ಮ?"

ಅವಳು ಕನ್ನಡಕ ತೆಗೆದು ಕೊಳವೆಯನ್ನು ಬೆಳಕಿಗೆ ಹಿಡಿದಳು. ಹಿಂದೆ ಒಂದು ಕ್ಷಣದ ಕೆಲಸ ಅದು. ಈಗ ಕತ್ತು ವಾಲಿಸಿ, ಚೌಕಗಳ ಪಕ್ಕಕ್ಕೆ ತಂದು, ಒಂದೊಂದನ್ನೇ ದಾಟಿ ನೋಡಬೇಕಿತ್ತು. ಮೇಸ್ತ್ರಿ ಅವಳ ತುಟಿಯನ್ನಲ್ಲ, ಕಣ್ಣನ್ನು ನೋಡುತ್ತ ನಿಂತಿದ್ದ.

"ನನ್ನ ಯಾಕೆ ಕೇಳ್ತೀರಿ ಡಾಕ್ಟರಮ್ಮ" ಎಂದಳು, ಕೊಳವೆಯಿಂದ ದೃಷ್ಟಿ ತೆಗೆಯದೆ. "ಅವಳಿಗೇನು ಗೊತ್ತು. ಸುಮ್ನೆ ಬಾಯಿಗೆ ಬಂದದ್ದು ಹೇಳ್ತಾಳೆ."

ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಅವನದೇ ಮಾತು. ಇಪ್ಪತ್ತಮೂರು ಮನೆಯ ತೊಟ್ಟಿಯ ಹದವನ್ನು ನೆನಪಿಟ್ಟುಕೊಂಡವಳು ಇದನ್ನು ಮರೆಯುತ್ತಾಳೆಯೇ? ಡಾಕ್ಟರಮ್ಮ ಬೇರೆ ಕಡೆ ತಿರುಗಿದರು. ಮೇಸ್ತ್ರಿಗೆ ಆ ಹೊತ್ತಿಗೆ ಇಪ್ಪತ್ತಮೂರು ಗೇಟಿನ ಮುಂದೆ ಆಡಿದ ಮಾತು ಒಂದೂ ನೆನಪಾಗಲಿಲ್ಲ. ಅವೆಲ್ಲ ಊರವರಿಗೆ ಹೇಳಿದ್ದು. ಇವಳಿಗೆ ಇನ್ನೂ ಏನೂ ಹೇಳಿರಲಿಲ್ಲ.

"ತಪ್ಪಾಯ್ತು" ಎಂದ.

ಅವಳು ಕೊಳವೆಯನ್ನು ಇನ್ನೊಂದು ಸಲ ಚೌಕಗಳ ಪಕ್ಕ ನಡೆಸಿದಳು. "ಮೂರನೇದು" ಎಂದಳು, ಈ ಸಲ ಡಾಕ್ಟರಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ. "ಮೆಷಿನ್ನು ಹಾಕಿ ನೋಡಿ."

"ಬೇಡ ಬಿಡು."

"ಹಾಕಿ ನೋಡಿ ಅಂದೆ. ಇನ್ಮೇಲೆ ಎರಡೂ ನೋಡ್ಬೇಕು."

ಅವನು ಮೆಷಿನ್ನನ್ನು ನೀರಿಗೆ ಅದ್ದಿ, ನಂಬರು ನಿಲ್ಲುವವರೆಗೆ ಕಾದು ಓದಿದ. "ಸರಿ ಇದೆ."

"ಯಾವುದು ಸರಿ ಇದೆ?"

"ನೀನು ಹೇಳಿದ್ದು."

ಅವಳು ಎರಡನೇ ಕೊಳವೆಗೆ ಕೈ ಚಾಚಿದಳು.